ಮುಂದಿನ ಗ್ಲಾಸು ಸೀಳಿದಾಗ: ತುಂಬಿಸುವುದೇ, ಬದಲಿಸುವುದೇ, ಬದಲಿಸುವುದಾದರೆ ಹೇಗೆ

ಹೊಸದುರ್ಗದ ಅಣ್ಣನವರಿಗೆ ನಮಸ್ಕಾರ. ಹಿರಿಯೂರು ದಾಟಿದ ಮೇಲೆ ಹೆದ್ದಾರಿಯಲ್ಲಿ ಜೆಲ್ಲಿ ಟಿಪ್ಪರಿನಿಂದ ಸಿಡಿದ ಕಲ್ಲು ತಮ್ಮ ಕಾರಿನ ಮುಂದಿನ ಗ್ಲಾಸಿಗೆ ಬಡಿಯಿತೆಂದೂ, ಮೊದಲು ಚುಕ್ಕಿಯಂತಿದ್ದ ಗುರುತು ಈಗ ಗೇಣುದ್ದ ಸೀಳಿ ಅಂಚು ಮುಟ್ಟಿದೆಯೆಂದೂ, ಅಂಗಡಿಯವರೊಬ್ಬರು ಸಿಲಿಕೋನ್ ಹಾಕಿ ಅರ್ಧ ಗಂಟೆಯಲ್ಲಿ ಹೊಸ ಗ್ಲಾಸು ಕೂರಿಸುತ್ತೇವೆ, ಕೂಡಲೇ ಓಡಿಸಿಕೊಂಡು ಹೋಗಿ ಎಂದಿದ್ದಾರೆಂದೂ ಬರೆದಿದ್ದೀರಿ. ದಾವಣಗೆರೆಯಲ್ಲಿ ಇದೇ ಕೆಲಸ ಮಾಡಿಕೊಂಡಿರುವವನಾಗಿ ಹೇಳುವುದಾದರೆ, ಗ್ಲಾಸು ಬದಲಿಸಲೇಬೇಕು. ಆದರೆ ಆ ಅರ್ಧ ಗಂಟೆಯ ಲೆಕ್ಕದಲ್ಲಿ ಖಂಡಿತ ಬೇಡ.

ಮುಂದಿನ ಗ್ಲಾಸು ಒಂದೇ ಗಾಜಲ್ಲ. ಎರಡು ಗಾಜುಗಳ ನಡುವೆ ಪಿವಿಬಿ ಎಂಬ ಪಾರದರ್ಶಕ ಪ್ಲಾಸ್ಟಿಕ್ ಪದರವನ್ನಿಟ್ಟು ಶಾಖ ಮತ್ತು ಒತ್ತಡದಿಂದ ಬೆಸೆದಿರುತ್ತಾರೆ. ಆ ಪದರದ ದಪ್ಪ ಸಾಮಾನ್ಯವಾಗಿ 0.76 ಮಿ.ಮೀ. ಬಾಗಿಲಿನ ಗಾಜು ಪೆಟ್ಟಿಗೆ ಪುಡಿಪುಡಿಯಾಗಿ ಉದುರಿದರೂ ಮುಂದಿನದು ಸೀಳಿಕೊಂಡೇ ನಿಲ್ಲುವುದು ಈ ಪದರದಿಂದ. ಕಲ್ಲೇಟು ಹೆಚ್ಚಾಗಿ ಹೊರಗಾಜಿಗಷ್ಟೇ ತಗಲಿರುತ್ತದೆ. ಗುರುತು ಐದು ರೂಪಾಯಿ ನಾಣ್ಯದೊಳಗೆ ಅಡಗುವಷ್ಟಿದ್ದು, ಚಾಲಕನ ದೃಷ್ಟಿಯ ನೇರದಲ್ಲಾಗಲಿ ಅಂಚಿನ ಹತ್ತಿರವಾಗಲಿ ಇರದೆ, ಒಳಬದಿಯಲ್ಲಿ ಉಗುರು ಆಡಿಸಿದಾಗ ಏನೂ ತಡೆಯದಿದ್ದರೆ, ರೆಸಿನ್ ಎಂಬ ತಿಳಿಯಾದ ಅಂಟುದ್ರವ ತುಂಬಿಸಿ ಯುವಿ (ನೇರಳಾತೀತ) ದೀಪ ಹಿಡಿದು ಗಟ್ಟಿಮಾಡಬಹುದು. ಗುರುತು ಪೂರ್ತಿ ಮಾಯವಾಗುವುದಿಲ್ಲ, ಸೀಳು ಮುಂದುವರಿಯುವುದು ನಿಲ್ಲುತ್ತದೆ. ಇದಕ್ಕೆ ಒಳಗೆ ಧೂಳು, ನೀರು ಸೇರಿರಬಾರದು. ಆದ್ದರಿಂದ ಇತರ ಸದಸ್ಯರೂ ಗಮನಿಸಬೇಕು: ಕಲ್ಲು ಬಡಿದ ಕೂಡಲೇ ಆ ಜಾಗವನ್ನು ಒಣಬಟ್ಟೆಯಿಂದ ಒರೆಸಿ, ಪಾರದರ್ಶಕ ಟೇಪು ಅಂಟಿಸಿ, ವಾಟರ್ ಸರ್ವಿಸ್‌ಗೆ ಬಿಡದೆ, ಆದಷ್ಟು ಬೇಗ ತೋರಿಸಿ. ಈ ಥ್ರೆಡ್ಡಿನಲ್ಲಿ ಯಾರೋ ಸೂಚಿಸಿರುವ ಫೆವಿಕ್ವಿಕ್ ಹಾಕಿಬಿಟ್ಟರೆ ಮತ್ತೆ ರೆಸಿನ್ ಇಳಿಯಲು ದಾರಿಯೇ ಇರುವುದಿಲ್ಲ. ತಮ್ಮ ಗ್ಲಾಸು ಅಂಚಿನವರೆಗೂ ಸೀಳಿರುವುದರಿಂದ ಆ ಹಂತ ದಾಟಿದೆ.

ಇನ್ನು ಸಿಲಿಕೋನ್ ಯಾಕೆ ಬೇಡ ಎಂಬುದು. ಈಗಿನ ಕಾರುಗಳಲ್ಲಿ ಗ್ಲಾಸು ಗಾಡಿಯ ಚೌಕಟ್ಟಿಗೆ ಅಂಟಿಕೊಂಡು ಅದರ ಬಿಗಿಗೆ ನೆರವಾಗುತ್ತದೆ: ಗಾಡಿ ಪಲ್ಟಿಯಾದರೆ ಚಾವಣಿ ಕುಸಿಯದಂತೆ ಒಂದಿಷ್ಟು ಭಾರ ಹೊರುತ್ತದೆ, ಅನೇಕ ಕಾರುಗಳಲ್ಲಿ ಎಡಬದಿಯ ಏರ್‌ಬ್ಯಾಗ್ ಉಬ್ಬುವಾಗ ಈ ಗ್ಲಾಸಿಗೇ ಒರಗಿ ಪ್ರಯಾಣಿಕರ ಕಡೆಗೆ ತಿರುಗುತ್ತದೆ. ಆ ಕ್ಷಣದಲ್ಲಿ ಗ್ಲಾಸು ಚೌಕಟ್ಟಿನಿಂದ ಕಳಚಿಕೊಂಡರೆ ಏರ್‌ಬ್ಯಾಗ್ ಇದ್ದೂ ಇಲ್ಲದಂತೆ. ಈ ಬಲ ಕೊಡಲೆಂದೇ ಪಾಲಿಯುರೆಥೇನ್ ಪೇಸ್ಟ್ ಇದೆ. ಕೆಲಸದವರು ಪಿಯು ಎನ್ನುತ್ತಾರೆ. ಬಾತ್‌ರೂಮಿನ ಸಿಲಿಕೋನ್ ನೀರು ತಡೆಯಬಹುದು, ಆ ಬಲ ಕೊಡಲಾರದು. ಹುಳಿ ವಾಸನೆ ಬರುವ ಬಗೆಯದಾದರೆ ತಗಡಿಗೂ ಕೇಡು. ಒಮ್ಮೆ ಸಿಲಿಕೋನ್ ಮೆತ್ತಿದ ಜಾಗಕ್ಕೆ ಮುಂದೆ ಪಿಯು ಸರಿಯಾಗಿ ಹಿಡಿಯುವುದೂ ಇಲ್ಲ.

ಕೆಲಸ ನಡೆಯುವಾಗ ದಯವಿಟ್ಟು ಚಹಾ ಕುಡಿಯಲು ಹೋಗದೆ ಪಕ್ಕದಲ್ಲಿ ನಿಂತು ನೋಡಿ. ಹಳೆಯ ಪೇಸ್ಟನ್ನು ತಂತಿಯಿಂದ ಕೊಯ್ದು ಗ್ಲಾಸು ತೆಗೆದ ಮೇಲೆ ಚೌಕಟ್ಟಿನ ಮೇಲೆ ಉಳಿಯುವ ಪೇಸ್ಟನ್ನು ತಗಡು ಕಾಣುವಂತೆ ಕೆರೆಯಬಾರದು. ಗಟ್ಟಿಯಾಗಿ ಹಿಡಿದಿರುವುದನ್ನು ಒಂದೆರಡು ಮಿಲಿಮೀಟರ್ ಬಿಟ್ಟು ಸಮನಾಗಿ ಕೊಯ್ಯಬೇಕು, ಹೊಸ ಪಿಯು ಅದಕ್ಕೆ ಚೆನ್ನಾಗಿ ಹಿಡಿಯುತ್ತದೆ. ಬ್ಲೇಡ್ ತಗಲಿ ಬಣ್ಣ ಎದ್ದ ಜಾಗಕ್ಕೆಲ್ಲ ಪ್ರೈಮರ್ (ಪೇಸ್ಟಿಗೆ ಮೊದಲು ಹಚ್ಚುವ ತಳಲೇಪ) ಹಚ್ಚಬೇಕು, ಇಲ್ಲದಿದ್ದರೆ ಎರಡು ಮಳೆಗಾಲದೊಳಗೆ ಅಲ್ಲಿ ತುಕ್ಕು ಎದ್ದು ಡ್ಯಾಶ್‌ಬೋರ್ಡಿನ ಮೇಲೆ ನೀರು ತೊಟ್ಟಿಕ್ಕುತ್ತದೆ. ಹೊಸ ಗ್ಲಾಸಿನ ಸುತ್ತಲಿರುವ ಕಪ್ಪು ಪಟ್ಟಿಯನ್ನು ಒರೆಸಿ ಪ್ರೈಮರ್ ಹಚ್ಚಿದ ಮೇಲೆ ಬರಿಗೈಯಲ್ಲಿ ಮುಟ್ಟಬಾರದು. ಬೆವರು, ಎಣ್ಣೆ ತಗಲಿದಲ್ಲಿ ಹಿಡಿತ ಹೋಗುತ್ತದೆ. ಪೇಸ್ಟು ಎಲ್ಲಿಯೂ ತುಂಡಾಗದೆ ಒಂದೇ ಎತ್ತರದಲ್ಲಿ ಸುತ್ತುವರಿಯಬೇಕು. ಗ್ಲಾಸಿನ ಮೂಲೆಯಲ್ಲಿ ಐಎಸ್‌ಐ ಗುರುತನ್ನೂ, ಪೇಸ್ಟಿನ ಟ್ಯೂಬಿನ ಮೇಲೆ ಅವಧಿ ಮುಗಿಯುವ ದಿನಾಂಕವನ್ನೂ ನೋಡಿಕೊಳ್ಳಿ. ಒಳಗನ್ನಡಿಯ ಹಿಂದೆ ಲೇನ್ ಗುರುತಿಸುವ ಕ್ಯಾಮೆರಾ ಇರುವ ಕಾರಾದರೆ, ಬದಲಿಸಿದ ನಂತರ ಅದನ್ನು ಮತ್ತೆ ಹೊಂದಿಸಿಕೊಡುತ್ತಾರೆಯೇ ಎಂದು ಮೊದಲೇ ಕೇಳಬೇಕು.

ಕಾಯುವ ಹೊತ್ತಿನ ವಿಷಯದಲ್ಲಿ ನಮ್ಮ ಕಡೆ ಒಂದು ತಪ್ಪು ನಂಬಿಕೆ ಇದೆ: ಏಪ್ರಿಲ್ ಬಿಸಿಲಿದ್ದರೆ ಪೇಸ್ಟು ಬೇಗ ಒಣಗುತ್ತದೆ ಎನ್ನುತ್ತಾರೆ. ಸಾಮಾನ್ಯವಾಗಿ ಬಳಸುವ ಪಿಯು ಗಟ್ಟಿಯಾಗುವುದು ಗಾಳಿಯ ತೇವ ಹೀರಿಕೊಂಡು. ಬೇಸಿಗೆಯಲ್ಲಿ ಚಿತ್ರದುರ್ಗದ ಒಣಗಾಳಿಗೆ ಮೇಲ್ಪದರ ಗಟ್ಟಿಯಾದಂತೆ ಕಂಡರೂ ಒಳಗೆ ಇನ್ನೂ ಮೆತ್ತಗಿರಬಹುದು. ಸಾಧಾರಣ ಪೇಸ್ಟು ದಿನಕ್ಕೆ 3ರಿಂದ 4 ಮಿ.ಮೀ. ಆಳಕ್ಕಷ್ಟೇ ಗಟ್ಟಿಯಾಗುತ್ತಾ ಹೋಗುತ್ತದೆ. ಎಷ್ಟು ಹೊತ್ತಿನ ನಂತರ ಓಡಿಸಬಹುದು ಎಂಬುದನ್ನು ಪೇಸ್ಟು ತಯಾರಿಸಿದ ಕಂಪನಿ ತಿಳಿಸಿರುತ್ತದೆ. ಒಂದು ಗಂಟೆಯದೂ ಇದೆ, ಹಲವು ಗಂಟೆಯದೂ ಇದೆ. ನನ್ನ ಸಲಹೆಯೆಂದರೆ ಬೆಳಿಗ್ಗೆ ಗಾಡಿ ಬಿಟ್ಟು, ಮಾರನೆಯ ದಿನ ಒಯ್ಯಿರಿ. ನಂತರ ಎರಡು ದಿನ ಕಿಟಕಿಯನ್ನು ಬೆರಳಷ್ಟು ಇಳಿಸಿಡಿ. ಎಲ್ಲ ಮುಚ್ಚಿ ಬಾಗಿಲು ಜೋರಾಗಿ ಹಾಕಿದರೆ ಒಳಗಿನ ಗಾಳಿಯೇ ಗ್ಲಾಸನ್ನು ಹೊರಕ್ಕೆ ತಳ್ಳುತ್ತದೆ. ತೋಟದ ಗುಂಡಿ ದಾರಿ, ಪ್ರೆಶರ್ ವಾಶ್ ಎರಡೂ ಆ ದಿನಗಳಲ್ಲಿ ಬೇಡ. ಹಳೆಯ ಜೀಪು, ಲಾರಿಗಳ ರಬ್ಬರ್ ಬೀಡಿಂಗ್ ಗ್ಲಾಸಿಗೆ ಈ ಕಾಯುವಿಕೆ ಇಲ್ಲ. ಸೋಪು ನೀರು, ಹಗ್ಗ ಮತ್ತು ಒಡೆದಿರದ ಬೀಡಿಂಗ್ ಇದ್ದರೆ ಸಾಕು.

ವಿಮೆಯ ಬಗ್ಗೆ ಕೇಳಿದ್ದೀರಿ. ಬರೀ ಥರ್ಡ್ ಪಾರ್ಟಿ ಇದ್ದರೆ ಏನೂ ಸಿಗುವುದಿಲ್ಲ. ಫುಲ್ ಇನ್ಶೂರೆನ್ಸ್ ಇದ್ದರೆ ಗಾಜಿಗೆ ಸವಕಳಿ (ಹಳತಾದಂತೆ ಇಳಿಯುವ ಬೆಲೆ) ಕಳೆಯುವುದಿಲ್ಲ. ಆದರೆ 1500 ಸಿಸಿವರೆಗಿನ ಖಾಸಗಿ ಕಾರಿಗೆ ಕಡ್ಡಾಯ ಕಡಿತ (ಪ್ರತಿ ಕ್ಲೈಮಿನಲ್ಲಿ ತಾವೇ ಹಾಕಬೇಕಾದ ಹಣ) 1000 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2000 ರೂಪಾಯಿ. ಕ್ಲೈಮ್ ಮಾಡಿದರೆ ನೋ ಕ್ಲೈಮ್ ಬೋನಸ್ (ಕ್ಲೈಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಹೋಗುತ್ತದೆ, ಅದನ್ನು ಉಳಿಸುವ ಆಡ್-ಆನ್ ಇದ್ದರೆ ಮಾತು ಬೇರೆ. ಬೋನಸ್ 50 ಶೇಕಡಾ ಮುಟ್ಟಿದ್ದು, ಗ್ಲಾಸಿನ ಬೆಲೆ ಕಡಿಮೆ ಇರುವ ಸಣ್ಣ ಕಾರಾದರೆ ಕೈಯಿಂದ ಕೊಡುವುದೇ ಲಾಭವಾಗಬಹುದು. ಕ್ಲೈಮ್ ಮಾಡುವುದಾದರೆ ವಿಮಾ ಕಂಪನಿಗೆ ತಿಳಿಸಿ, ಅವರು ನೋಡುವವರೆಗೆ ಹಳೆಯ ಗ್ಲಾಸು ತೆಗೆಸಬೇಡಿ.

ಹೊಸ ಗ್ಲಾಸಿನ ಆರೈಕೆ ಕಷ್ಟದ್ದಲ್ಲ. ಟಿಪ್ಪರಿನ ಬೆನ್ನಿಗೆ ಹೋಗಬೇಡಿ, ಹಿಂದಿಕ್ಕಲು ಆಗದಿದ್ದರೆ ದೂರ ಉಳಿಯಿರಿ. ಬಿಸಿಲಲ್ಲಿ ಕಾದ ಗ್ಲಾಸಿಗೆ ತಣ್ಣೀರು ಎರಚಬೇಡಿ, ಏಸಿಯ ಗಾಳಿಯನ್ನು ನೇರ ಗ್ಲಾಸಿಗೆ ಬಿಡಬೇಡಿ. ಮೊದಲೇ ಸಣ್ಣ ಏಟಿದ್ದರೆ ಅದು ಸೀಳುವುದು ಹೆಚ್ಚಾಗಿ ಇಂಥ ಹೊತ್ತಿನಲ್ಲಿ. ಗಣಿ ಲಾರಿ ಓಡಾಡುವ ಹಾದಿಯ ಕೆಂಧೂಳು ಕೂತಿರುವಾಗ ಒಣ ವೈಪರ್ ಹಾಕಿದರೆ ಕಮಾನಿನಾಕಾರದ ಗೀರು ಬೀಳುತ್ತದೆ, ರಾತ್ರಿ ಎದುರಿನ ಲೈಟಿಗೆ ಅದೇ ಕಣ್ಣು ಕುಕ್ಕುವುದು. ವಾಶರ್ ಟ್ಯಾಂಕಿಗೆ ನಮ್ಮ ಬೋರ್‌ವೆಲ್ ನೀರಿನ ಬದಲು ಮಳೆನೀರು ಅಥವಾ ಫಿಲ್ಟರ್ ನೀರು ಹಾಕಿದರೆ ಬಿಳಿ ಕಲೆ ಕಟ್ಟುವುದಿಲ್ಲ. ತಮ್ಮದು ತೆಂಗಿನ ತಾಲ್ಲೂಕು, ಗಾಡಿ ನಿಲ್ಲಿಸುವ ಮುಂಚೆ ಒಮ್ಮೆ ಮೇಲೆ ನೋಡಿ. ಒಂದು ಕಾಯಿ ಬಿದ್ದರೆ ರೆಸಿನ್ನಿನ ಮಾತೇ ಬರುವುದಿಲ್ಲ. ಈಗಿನ ಗ್ಲಾಸಿನ ಕೆಳಮೂಲೆಯ ಗುರುತಿನ ಫೋಟೋ ಮತ್ತು ಕಾರಿನ ಮಾಡೆಲ್ ವರ್ಷವನ್ನು ಇಲ್ಲಿ ಹಾಕಿದರೆ, ಯಾವ ಗ್ಲಾಸು ಕೇಳಬೇಕೆಂದು ತಿಳಿಸುತ್ತೇನೆ.