ಎಂಆರ್‌ಐ ನಾರ್ಮಲ್ ಬಂದಿದೆ, ಹಾಗಾದರೆ ಮನಸ್ಸಿನ ಕಾಯಿಲೆಯೇ?

ಪ್ರಶ್ನೆ: ತಂಗಿಗೆ 22 ವರ್ಷ. ಜ್ವರ, ತಲೆನೋವು ಬಂದು ಹೋಯಿತು. ವಾರ ಕಳೆಯುವಷ್ಟರಲ್ಲಿ ನಿದ್ದೆ ಬಿಟ್ಟಳು, ಯಾರೋ ಕೊಲ್ಲಲು ಬರುತ್ತಿದ್ದಾರೆ ಎಂದು ಕೂಗಾಡಿದಳು. ಈಗ ಮಾತೇ ಇಲ್ಲ, ಬಾಯಿ ಮಾತ್ರ ಏನನ್ನೋ ಅಗಿಯುವಂತೆ ಆಡುತ್ತಿರುತ್ತದೆ. ಎಂಆರ್‌ಐ ನಾರ್ಮಲ್. ಇದು ಮನಸ್ಸಿನ ಕಾಯಿಲೆಯೇ ಅಲ್ವಾ ಡಾಕ್ಟ್ರೇ?

ಉತ್ತರ: ಮೊದಲು ಅವಳನ್ನು ನರರೋಗ ತಜ್ಞರೂ ಐಸಿಯುವೂ ಇರುವ ಆಸ್ಪತ್ರೆಗೆ ಇವತ್ತೇ ಸೇರಿಸಿ. ಉಳಿದದ್ದನ್ನು ಅಲ್ಲಿ ಕೂತು ಓದಿ. ಇದು ಎನ್‌ಎಂಡಿಎ ರಿಸೆಪ್ಟರ್ ಎನ್ಸೆಫಲೈಟಿಸ್ ಎಂಬ ಮೆದುಳಿನ ಉರಿಯೂತವಿರಬಹುದು. ಆ ಕಾಯಿಲೆಯೇ ಆಗಿದ್ದರೆ ಉಸಿರು, ಎದೆಬಡಿತ ಯಾವಾಗ ಏರುಪೇರಾದೀತು ಹೇಳಲಾಗದು.

ಎಂಆರ್‌ಐ ನಾರ್ಮಲ್ ಅನ್ನುವ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಈ ಕಾಯಿಲೆಯಲ್ಲಿ ಶುರುವಿಗೆ ಹೆಚ್ಚಿನವರ ಎಂಆರ್‌ಐ ನಾರ್ಮಲ್ಲೇ ಇರುತ್ತದೆ. ಸೋಂಕಿನ ವಿರುದ್ಧ ಹೋರಾಡಬೇಕಾದ ನಮ್ಮದೇ ದೇಹದ ಆಂಟಿಬಾಡಿ, ನರಕೋಶದ ಮೇಲೆ ಸಂದೇಶ ಹಿಡಿಯುವ ಎರಡು ರಿಸೆಪ್ಟರ್‌ಗಳನ್ನು ಜೋಡಿಸಿ ಹಿಡಿಯುತ್ತದೆ. ಕೋಶ ಅವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಕೋಶ ಸಾಯುವುದಿಲ್ಲ, ಅದಕ್ಕೆ ಸಂದೇಶ ಮುಟ್ಟುವುದಿಲ್ಲ ಅಷ್ಟೆ. ಸ್ಕ್ಯಾನ್‌ನಲ್ಲಿ ಕಾಣಲು ಅಲ್ಲಿ ಏನಿದೆ? ಆಂಟಿಬಾಡಿ ಕಡಿಮೆಯಾದರೆ ರಿಸೆಪ್ಟರ್ ಮತ್ತೆ ಮೇಲೆ ಬರುತ್ತದೆ. ನನಗೆ ಧೈರ್ಯ ಕೊಡುವುದೂ ಇದೇ.

ಈ ಆಂಟಿಬಾಡಿ ಇದೆಯೇ ಎಂದು ಬೆನ್ನಿನ ನೀರು ಪರೀಕ್ಷೆ ಮಾಡಿಸಿ. ಬರೀ ರಕ್ತ ಸಾಲದು. ರಕ್ತದಲ್ಲಿ ನೆಗೆಟಿವ್ ಬಂದು ಬೆನ್ನಿನ ನೀರಿನಲ್ಲಿ ಪಾಸಿಟಿವ್ ಬರುವವರಿದ್ದಾರೆ. ಮೆದುಳಿನ ವಿದ್ಯುತ್ ಅಲೆಗಳನ್ನು ನೋಡುವ ಇಇಜಿಯೂ ಬೇಕು, ಅದು ಬಹುತೇಕರಲ್ಲಿ ಕೆಟ್ಟಿರುತ್ತದೆ. ಅಂಡಾಶಯದ ಸ್ಕ್ಯಾನ್ ಯಾಕೆ ಎಂದು ಜಗಳ ಆಡಬೇಡಿ. 2007ರಲ್ಲಿ ನರರೋಗ ತಜ್ಞ ಡಾಲ್ಮೌ ಅವರ ತಂಡ ಈ ಆಂಟಿಬಾಡಿಯನ್ನು ಗುರುತಿಸಿದ್ದು 12 ಹೆಂಗಸರಲ್ಲಿ. ಎಲ್ಲರಿಗೂ ಟೆರಟೋಮಾ ಎಂಬ, ಹೆಚ್ಚಾಗಿ ಅಂಡಾಶಯದಲ್ಲಿ ಬೆಳೆಯುವ ಗೆಡ್ಡೆ ಇತ್ತು. ಆ ಗೆಡ್ಡೆಯೊಳಗೆ ಕೂದಲು, ಹಲ್ಲಷ್ಟೇ ಅಲ್ಲ, ನರದ ಅಂಗಾಂಶವೂ ಬೆಳೆಯುತ್ತದೆ. ಅದನ್ನು ನೋಡಿಯೇ ದೇಹ ಕೆರಳುವುದು. ಗೆಡ್ಡೆ ಸಿಕ್ಕರೆ ತೆಗೆಸಿ.

ಚಿಕಿತ್ಸೆ ಎಂದರೆ ಆಂಟಿಬಾಡಿಯ ದಾಳಿ ತಗ್ಗಿಸುವುದು: ಸ್ಟೀರಾಯ್ಡ್, ಐವಿಐಜಿ (ದಾನಿಗಳ ರಕ್ತದಿಂದ ತೆಗೆದ ಆಂಟಿಬಾಡಿಯ ಡ್ರಿಪ್) ಅಥವಾ ಪ್ಲಾಸ್ಮಾ, ಅಂದರೆ ರಕ್ತದ ದ್ರವಭಾಗದ ಬದಲಾವಣೆ. ಬಗ್ಗದಿದ್ದರೆ ರಿಟುಕ್ಸಿಮ್ಯಾಬ್, ಸೈಕ್ಲೋಫಾಸ್ಫಮೈಡ್ ಎಂಬ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿಗಳು. ಭ್ರಮೆ ತಗ್ಗಿಸುವ ಮಾತ್ರೆಗಳಿಗೆ ಕೆಲವರ ಮೈ ಸೆಟೆದು ಜ್ವರ ಏರುತ್ತದೆ, ಹಾಗಾಗಿ ಅವನ್ನು ಬರೆಯುವಾಗ ನನ್ನ ಕೈ ತುಸು ಹಿಂದೆ. ಹಾಗಂತ ನೀವಾಗಿಯೇ ನಿಲ್ಲಿಸಬೇಡಿ.

ಪ್ರಶ್ನೆ: ಬೆನ್ನಿನ ನೀರು ತೆಗೆದರೆ ಸೊಂಟ ಬಿದ್ದುಹೋಗುತ್ತಂತೆ?

ಉತ್ತರ: ಇಲ್ಲ. ಒಂದೆರಡು ದಿನ ತಲೆ ನೋಯಬಹುದು.

ಪ್ರಶ್ನೆ: ದೆವ್ವ ಬಿಡಿಸುವವರ ಹತ್ತಿರ ಒಮ್ಮೆ ತೋರಿಸಿ ಬರಲೇ?

ಉತ್ತರ: ಅವರು ತಿನ್ನುವುದು ನಿಮ್ಮ ದುಡ್ಡಷ್ಟೇ ಅಲ್ಲ, ಚಿಕಿತ್ಸೆ ಶುರುವಾಗಬೇಕಿದ್ದ ವಾರಗಳನ್ನೂ.

ಪ್ರಶ್ನೆ: ರೋಗನಿರೋಧಕ ಶಕ್ತಿ ಹೆಚ್ಚಿಸುವ ಪುಡಿ ಕೊಡಬಹುದೇ?

ಉತ್ತರ: ದಾಳಿ ಮಾಡುತ್ತಿರುವುದೇ ಆ ಶಕ್ತಿ. ನಾವು ತಗ್ಗಿಸಲು ಒದ್ದಾಡುವಾಗ ನೀವು ಹೆಚ್ಚಿಸಲು ಹೊರಟಿದ್ದೀರಿ! ಪುಡಿ ಮಾರಿದವನನ್ನೇ ಕೇಳಿ, ಯಾವ ಶಕ್ತಿ ಅಂತ.

ಪ್ರಶ್ನೆ: ಮಗಳಿಗೆ ಚಿಕಿತ್ಸೆ ಶುರುವಾಗಿ ತಿಂಗಳಾಯಿತು, ಇನ್ನೂ ಮಾತಾಡಿಲ್ಲ. ಆಸೆ ಬಿಡಬೇಕೇ?

ಉತ್ತರ: ತಿಂಗಳು ಜಾಸ್ತಿಯೇನಲ್ಲ. 2013ರಲ್ಲಿ ಪ್ರಕಟವಾದ 577 ರೋಗಿಗಳ ಅಧ್ಯಯನದಲ್ಲಿ, ಎರಡು ವರ್ಷ ನೋಡಿದವರ ಪೈಕಿ 81% ಜನ ಚೆನ್ನಾಗಿ ಚೇತರಿಸಿಕೊಂಡಿದ್ದರು. ಮರುಕಳಿಸುವುದೂ ಉಂಟು, ತಪಾಸಣೆ ತಪ್ಪಿಸಬೇಡಿ. ಹುಷಾರಾದ ಮೇಲೆ ಈ ದಿನಗಳು ಅವಳಿಗೆ ಸಾಮಾನ್ಯವಾಗಿ ನೆನಪಿರುವುದಿಲ್ಲ. ಫೋನಿನಲ್ಲಿ ಅವಳ ವಿಡಿಯೋ ಮಾಡಿದ್ದರೆ ಅದನ್ನು ಡಾಕ್ಟರಿಗೆ ತೋರಿಸಿ. ಅವಳಾಗಿ ಕೇಳುವವರೆಗೆ ಅವಳಿಗೆ ತೋರಿಸಬೇಡಿ.