ಗುರಿ ತಪ್ಪಿದ ಬಾಣಕ್ಕೂ ಒಂದು ಜಾಗ ಬೇಕು

ಪ್ರಶ್ನೆ: ನನ್ನ ಮಗಳಿಗೆ 13 ವರ್ಷ. ಬೇಸಿಗೆ ಶಿಬಿರದಲ್ಲಿ ಬಿಲ್ಲುಗಾರಿಕೆ ಕಲಿತು ಬಂದವಳಿಗೆ ಈಗ ಅದೇ ಗುಂಗು. ಹೆದೆ ಎಳೆಯಲು 20 ಪೌಂಡ್ ಬಲ ಬೇಕಾಗುವ ರಿಕರ್ವ್ ಬಿಲ್ಲು (ತುದಿಗಳು ಮುಂದಕ್ಕೆ ಬಾಗಿರುವಂಥದ್ದು) ಕೊಡಿಸಿದ್ದೇವೆ. ಮನೆ ಹಿಂದೆ 10 ಮೀಟರ್ ಜಾಗ ಇದೆ. ಕೊನೆಗೆ 5 ಅಡಿ ಕಾಂಪೌಂಡ್, ಅದರಾಚೆ ಪಕ್ಕದ ಮನೆಯವರು ಬಟ್ಟೆ ಒಗೆಯುವ ಕಲ್ಲು. ಕಾಂಪೌಂಡಿಗೆ ಒಂದು ಪ್ಲೈವುಡ್ ಹಲಗೆ ಒರಗಿಸಿ ಅದರ ಮುಂದೆ ಥರ್ಮೋಕೋಲ್ ಇಟ್ಟರೆ ಸಾಕಾ?
- ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಸಾಲದು. ದಯವಿಟ್ಟು ಹಾಗೆ ಶುರು ಮಾಡಬೇಡಿ. ಥರ್ಮೋಕೋಲನ್ನು ಬಾಣ ಸಲೀಸಾಗಿ ತೂರಿಕೊಂಡು ಹೋಗುತ್ತದೆ, ತಿಕ್ಕಾಟದ ಬಿಸಿಗೆ ಅದು ಕರಗಿ ಬಾಣಕ್ಕೆ ಮೆತ್ತಿಕೊಳ್ಳುವುದೂ ಉಂಟು. ಪ್ಲೈವುಡ್ಡಿಗೆ ತಗುಲಿದ ಬಾಣ ಒಂದೋ ಪುಟಿದು ವಾಪಸ್ ಬರುತ್ತದೆ, ಇಲ್ಲವೇ ಗಟ್ಟಿಯಾಗಿ ಸಿಕ್ಕಿಕೊಂಡು ಎಳೆಯುವಾಗ ಮೊನೆಯೇ ಕಿತ್ತು ಬರುತ್ತದೆ.

ಗುರಿ ಬೇರೆ, ಅದರ ಹಿಂದಿನ ತಡೆ ಬೇರೆ. ಗುರಿ ಇರುವುದು ಸರಿಯಾಗಿ ಬಿದ್ದ ಬಾಣಕ್ಕೆ. ತಡೆ ಇರುವುದು ತಪ್ಪಿದ ಬಾಣಕ್ಕೆ. ಎರಡನ್ನೂ ಬೇರೆ ಬೇರೆಯಾಗಿ ಮಾಡಿಕೊಳ್ಳಬೇಕು. 20 ಪೌಂಡ್ ಅಂದರೆ ಮಕ್ಕಳ ಬಿಲ್ಲು ಅಂತ ಸುಮ್ಮನಿರಬೇಡಿ, ಸ್ವಲ್ಪ ಮೇಲ್ಮುಖವಾಗಿ ಬಿಟ್ಟರೆ ಅದರ ಬಾಣವೂ 100 ಮೀಟರ್ ದಾಟಬಹುದು.

ಮೊದಲು ದೂರ ಕಡಿಮೆ ಮಾಡಿ. ಜಾಗ 10 ಮೀಟರ್ ಇದೆ ಅಂತ ಅಷ್ಟು ದೂರದಿಂದಲೇ ಬಿಡಬೇಕಾಗಿಲ್ಲ. 6 ಅಡಿ ಅಗಲದ ತಡೆಯ ನಟ್ಟನಡುವೆ ಗುರಿ ಇಟ್ಟಿದ್ದೀರಿ ಅಂದುಕೊಳ್ಳಿ. 10 ಮೀಟರಿನಿಂದ ಬಿಟ್ಟರೆ ಬಾಣ ಸುಮಾರು 5 ಡಿಗ್ರಿ ವಾರೆಯಾದರೂ ಸಾಕು, ತಡೆಯ ಪಕ್ಕದಿಂದ ಆಚೆ ಹೋಗಿಬಿಡುತ್ತದೆ. ಅದೇ 5 ಮೀಟರಿನಿಂದ ಬಿಟ್ಟರೆ 10 ಡಿಗ್ರಿ ತಪ್ಪಬೇಕು, ಕಲಿಯುವವರೂ ಅಷ್ಟು ತಪ್ಪುವುದು ಅಪರೂಪ. ಸ್ಪರ್ಧೆಗಳಲ್ಲಿ ಒಳಾಂಗಣಕ್ಕೆ 18 ಮೀಟರ್, ಒಲಿಂಪಿಕ್ಸಿನಲ್ಲಿ 70 ಮೀಟರ್ ಇರುವುದು ನಿಜ. ಆದರೆ ತೋಳು, ಬೆನ್ನು, ಬೆರಳು ಬಿಡುವ ರೀತಿ ಇವೆಲ್ಲ ಪಳಗುವುದು ಹತ್ತಿರದಿಂದಲೇ. ಗುರಿಯ ಕಾಗದ ಕೂಡ ಅಂಟಿಸದೆ, ಬರೀ ಚೀಲಕ್ಕೆ 5 ಮೀಟರಿನಿಂದ ಬಿಡಿಸುವುದು ದೊಡ್ಡ ಆಟಗಾರರ ಅಭ್ಯಾಸದಲ್ಲೂ ಇದೆ. ಇದು ಮಗಳಿಗೆ ಗೊತ್ತಿದ್ದರೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಇನ್ನು ತಡೆ. ಹಸುವಿನ ಕೊಟ್ಟಿಗೆಗೆ ಹಾಸುವ ದಪ್ಪ ರಬ್ಬರ್ ಮ್ಯಾಟ್ ಗೊತ್ತಲ್ವಾ, ಹೈನುಗಾರಿಕೆ ಸಾಮಾನು ಮಾರುವಲ್ಲಿ ಸಿಗುತ್ತದೆ, ಅಂಥ ಎರಡು ಮ್ಯಾಟ್ ತನ್ನಿ. ಜಿಐ ಪೈಪಿನಲ್ಲಿ 8 ಅಡಿ ಎತ್ತರದ ಚೌಕಟ್ಟು ಮಾಡಿಸಿ, ಮ್ಯಾಟ್‌ಗಳನ್ನು ಉದ್ದಕ್ಕೆ ಅಕ್ಕಪಕ್ಕ ತೂಗುಹಾಕಿ, ನಡುವೆ ಸಂದಿ ಬರದಂತೆ ಒಂದರ ಅಂಚು ಇನ್ನೊಂದರ ಮೇಲೆ ಅರ್ಧ ಅಡಿ ಬರಲಿ. ಮೇಲ್ಗಡೆ ಮಾತ್ರ ಕಟ್ಟಿ, ಕೆಳಗಡೆ ಬಿಟ್ಟಿರಲಿ. ಕಾಂಪೌಂಡಿಗೂ ಮ್ಯಾಟಿಗೂ ನಡುವೆ ಒಂದಡಿ ಜಾಗ ಬಿಡಿ. ಇದು ಬಹಳ ಮುಖ್ಯ. ಬಾಣ ತಾಗಿದಾಗ ಮ್ಯಾಟ್ ಹಿಂದಕ್ಕೆ ತೂಗಿ ಆ ಪೆಟ್ಟನ್ನು ತಿನ್ನಬೇಕು. ಗೋಡೆಗೆ ಒತ್ತಿ ಮೊಳೆ ಹೊಡೆದ ಮ್ಯಾಟಿಗೆ ಬಿದ್ದ ಬಾಣ ಬಿಟ್ಟವರ ಕಡೆಗೇ ಪುಟಿಯುತ್ತದೆ. ಮ್ಯಾಟ್ ಭಾರ ಇರುತ್ತದೆ, ಹಾಗಾಗಿ ಚೌಕಟ್ಟಿನ ಕಾಲು ನೆಲದಲ್ಲಿ ಭದ್ರವಾಗಿ ಕೂತಿರಲಿ. ಕ್ರಿಕೆಟ್ ನೆಟ್ ಬೇಡ, ಅದರ ಕಣ್ಣಿನಲ್ಲಿ ಬಾಣ ನುಸುಳುತ್ತದೆ. ನರ್ಸರಿಯ ಹಸಿರು ನೆಟ್ಟೂ ಬೇಡ, ಅದು ಹರಿಯುತ್ತದೆ.

ಗುರಿಗೆ ಒಂದು ಗೋಣಿಚೀಲ ಸಾಕು. ಹಳೇ ಸೀರೆ, ಪಂಚೆ, ಬೆಡ್‌ಶೀಟ್ ತುಂಬಿ. ಗುಂಡಿ, ಜಿಪ್, ಹುಕ್ಕು ಒಂದೂ ಉಳಿಯದಂತೆ ಕತ್ತರಿಸಿ ತೆಗೆಯಿರಿ. ಮುಷ್ಟಿಯಿಂದ ಗುದ್ದಿದರೆ ಒಳಗೆ ಹೋಗದಷ್ಟು ಗಿಡಿದು ಬಾಯಿ ಹೊಲಿಯಿರಿ. ಮಗಳ ಭುಜಕ್ಕಿಂತ ಸ್ವಲ್ಪ ಕೆಳಗೆ ಇದರ ನಡುಭಾಗ ಬರಲಿ, ಆಗ ತಪ್ಪಿದ ಬಾಣ ನೆಲದ ಕಡೆಗೆ ಹೋಗುತ್ತದೆ. ನೆಲ ಸಿಮೆಂಟಾಗಿದ್ದರೆ ಬಾಣ ಜಾರಿ ಮುಂದೆ ಓಡುತ್ತದೆ, ಗುರಿಯ ಮುಂದೆ ಮರಳು ಹರಡಿ. ದಿನ ಕಳೆದಂತೆ ಬಟ್ಟೆ ಕೆಳಗಿಳಿದು ಚೀಲದ ಮೇಲ್ಭಾಗ ಟೊಳ್ಳಾಗುತ್ತದೆ. ಬಾಣದ ಮೊನೆ ಹಿಂದೆ ಇಣುಕಿತು ಅಂದರೆ ಆ ದಿನದ ಅಭ್ಯಾಸ ಅಲ್ಲಿಗೆ ನಿಲ್ಲಿಸಿ, ಮತ್ತೆ ತುಂಬಿ.

ಇನ್ನೊಂದು ವಿಷಯ, ಇದನ್ನು ನೀವೇ ಪಕ್ಕದಲ್ಲಿ ನಿಂತು ನೋಡಬೇಕು. ಎಷ್ಟೋ ಮಕ್ಕಳು ಬಿಲ್ಲನ್ನು ಆಕಾಶದ ಕಡೆ ಎತ್ತಿ, ಹೆದೆ ಎಳೆಯುತ್ತಾ ಕೆಳಗಿಳಿಸುತ್ತಾರೆ. ಆ ನಡುವೆ ಬೆರಳು ಜಾರಿದರೆ 8 ಅಡಿಯಲ್ಲ, 20 ಅಡಿ ತಡೆ ಇದ್ದರೂ ಬಾಣ ಅದರ ಮೇಲಿಂದ ಹೋಗುತ್ತದೆ. ಅಂತರರಾಷ್ಟ್ರೀಯ ನಿಯಮಗಳಲ್ಲೂ ಹೀಗೆ ಎಳೆಯುವುದಕ್ಕೆ ಅವಕಾಶವಿಲ್ಲ. ಬಾಣದ ಮೊನೆ ಮೊದಲಿಂದ ಕೊನೆವರೆಗೂ ಗುರಿಯ ಮೇಲೇ ಇರಲಿ. ಮತ್ತೆ, ಪಕ್ಕದ ಮನೆಯವರಿಗೆ ಮೊದಲೇ ಹೇಳಿ, ಅವರು ಬಟ್ಟೆ ಒಗೆಯುವ ಹೊತ್ತಿಗೆ ಬಿಲ್ಲು ಮುಟ್ಟುವುದೇ ಬೇಡ.

ಪ್ರಶ್ನೆ: ನಾವಿರುವುದು ಮೂರನೇ ಮಹಡಿಯಲ್ಲಿ. ಟೆರೇಸಿನ ನೀರಿನ ಟ್ಯಾಂಕಿನ ಗೋಡೆಯನ್ನೇ ತಡೆ ಮಾಡಿಕೊಳ್ಳಬಹುದಾ?
- ಓದುಗರೊಬ್ಬರು, ಬೆಂಗಳೂರು

ಉತ್ತರ: ಬೇಡ. ತಪ್ಪಿದ ಬಾಣ ಟೆರೇಸ್ ದಾಟಿದರೆ ಬೀಳುವುದು ರಸ್ತೆಗೆ. ಗೋಡೆಗೇ ಬಿದ್ದರೂ ಕಾರ್ಬನ್ ಬಾಣ ಬಿರುಕು ಬಿಡುತ್ತದೆ, ಎಷ್ಟೋ ಸಲ ಆ ಬಿರುಕು ಕಣ್ಣಿಗೇ ಕಾಣುವುದಿಲ್ಲ. ಅದನ್ನೇ ಮತ್ತೆ ಹೂಡಿದರೆ ಬಿಡುವಾಗ ಮುರಿದು ಚೂರು ಕೈಗೆ ನಾಟುತ್ತದೆ. ಗಟ್ಟಿ ಜಾಗಕ್ಕೆ ತಾಗಿದ ಬಾಣವನ್ನು ಎರಡೂ ತುದಿ ಹಿಡಿದು ಮೆಲ್ಲಗೆ ಬಗ್ಗಿಸಿ, ತಿರುಗಿಸಿ, ಮತ್ತೆ ಬಗ್ಗಿಸಿ. ಚಿಟಪಟ ಸದ್ದು ಬಂದರೆ ಮುರಿದು ಎಸೆಯಿರಿ. ಮನೆಯೊಳಗೆ ಉದ್ದನೆಯ ಹಾಲ್ ಇದ್ದರೆ ಬಾಗಿಲು ಚಿಲಕ ಹಾಕಿಕೊಂಡು, ದೊಡ್ಡ ಚೀಲ ಇಟ್ಟು, 3 ಮೀಟರಿನಿಂದ ಬಿಡಿ. ಅದೂ ಆಗದಿದ್ದರೆ ವ್ಯಾಯಾಮದ ರಬ್ಬರ್ ಪಟ್ಟಿ ಎಳೆದು ಅಭ್ಯಾಸ ಮಾಡಿ. ಬಾಣ ಇಲ್ಲದೆ ಬರೀ ಹೆದೆ ಎಳೆದು ಬಿಡಬೇಡಿ, ಬಿಲ್ಲಿನ ಕಡ್ಡಿಗಳೇ ಒಡೆಯುತ್ತವೆ.

ಪ್ರಶ್ನೆ: ನನ್ನದು 50 ಪೌಂಡಿನ ಕಾಂಪೌಂಡ್ ಬಿಲ್ಲು (ತುದಿಗಳಲ್ಲಿ ರಾಟೆ ಇರುವಂಥದ್ದು). ತೋಟದಲ್ಲಿ 50 ಮೀಟರ್ ಜಾಗ ಮಾಡಿಕೊಂಡಿದ್ದೇನೆ. ಗುರಿಯ ಹಿಂದೆ ಹುಲ್ಲಿನ ಬಣವೆ, ಅದರ ಹಿಂದೆ ಅಡಿಕೆ ಮರಗಳ ಸಾಲು. ಇಷ್ಟು ಸಾಲದೇ?
- ಓದುಗರೊಬ್ಬರು, ಚನ್ನಗಿರಿ

ಉತ್ತರ: ಅಡಿಕೆ ಮರ ತಡೆಯಲ್ಲ. ಬಾಣ ಅದರ ಕಾಂಡಕ್ಕೆ ಸವರಿ ಯಾವ ಕಡೆಗೋ ತಿರುಗುತ್ತದೆ. ಸಡಿಲ ಬಣವೆಯನ್ನೂ ನಂಬಬೇಡಿ, ನಿಮ್ಮ ಬಿಲ್ಲಿನ ಬಾಣ ಸೆಕೆಂಡಿಗೆ 70-80 ಮೀಟರ್ ವೇಗದಲ್ಲಿ ಹೋಗುತ್ತದೆ. ಜಾಗ ಇರುವವರಿಗೆ ಮಣ್ಣಿನ ದಿಬ್ಬಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಕೃಷಿ ಹೊಂಡ ತೆಗೆಸಿದ್ದರೆ ಆ ಮಣ್ಣನ್ನೇ 10 ಅಡಿ ಎತ್ತರ ಪೇರಿಸಿ, ಮುಂಭಾಗ ಆದಷ್ಟು ಕಡಿದಾಗಿರಲಿ, ಕಲ್ಲು ಆರಿಸಿ ತೆಗೆಯಿರಿ. ಅದರ ಮುಂದೆ ಮೆಷಿನ್ನಿನಲ್ಲಿ ಬಿಗಿಯಾಗಿ ಕಟ್ಟಿದ ಹುಲ್ಲಿನ ಬೇಲ್‌ಗಳನ್ನು ಜೋಡಿಸಿ. ಬೇಲ್ ಸಂದಿಗೆ ಬಿದ್ದ ಬಾಣಕ್ಕೆ ಕೈ ಹಾಕುವ ಮೊದಲು ಕೋಲಿನಿಂದ ತಟ್ಟಿ ನೋಡಿ, ಹಾವು ಸೇರಿರುತ್ತವೆ. ಬಾಣ ಕೀಳುವಾಗ ಹಿಂದೆ ಯಾರೂ ನಿಂತಿರಬಾರದು, ಬಾಲದ ತುದಿ ನೇರ ಕಣ್ಣಿಗೆ ಹೊಡೆಯುತ್ತದೆ. ತೋಟದಲ್ಲಿ ಕೊಯ್ಲು ನಡೆಯುವ ದಿನ, ದಿಬ್ಬದ ಆಚೆ ದನ ಮೇಯುವ ಹೊತ್ತು ಬಿಲ್ಲು ಒಳಗಿರಲಿ. ಮಳೆಗಾಲ ಕಳೆದ ಮೇಲೆ ದಿಬ್ಬ ಕುಸಿದು ತಗ್ಗಾಗಿರುತ್ತದೆ, ಮತ್ತೆ ಮಣ್ಣು ಏರಿಸಿದ ಮೇಲೇ 50 ಮೀಟರಿಗೆ ಹೋಗಿ.