ಸೆಕೆಯ ಊರಿಗೆ ಜೀನ್ಸ್ ಬೇಡ

ಹತ್ತು ದಿನದ ಪ್ರವಾಸಕ್ಕೆ ಮೂರು ಜೀನ್ಸ್, ಹತ್ತು ಕಾಟನ್ ಟೀಶರ್ಟ್ ಸಾಕಾ ಅಂತ ಕೇಳಿದ್ದೀರಿ. ಜಾಸ್ತಿಯೇ ಆಯ್ತು. ಜೀನ್ಸ್ ಅಂತೂ ಮನೆಯಲ್ಲೇ ಬಿಡಿ. ಗಾಳಿಯಲ್ಲೇ ತೇವ ತುಂಬಿರುವಾಗ ಒಗೆದ ಜೀನ್ಸ್ ಮರುದಿನವೂ ಪೂರ್ತಿ ಒಣಗಿರಲ್ಲ. ಸೊಂಟಪಟ್ಟಿ, ಜೇಬಿನ ಒಳಭಾಗ ಮುಟ್ಟಿ ನೋಡಿ, ಇನ್ನೂ ತಣ್ಣಗೇ ಇರುತ್ತೆ. ದಪ್ಪ ಹತ್ತಿಯೂ ಅಷ್ಟೇ, ಬೆವರು ಹೀರಿ ಬೆನ್ನಿಗೆ ಅಂಟಿಕೊಳ್ಳುತ್ತೆ. ತೆಳು ಹತ್ತಿ ಅಥವಾ ಲಿನನ್‌ನ ಸಡಿಲ ಅಂಗಿ ನಾಲ್ಕು, ಹಗುರ ಪ್ಯಾಂಟ್ ಎರಡು ಇಟ್ಕೊಳ್ಳಿ. ರಾತ್ರಿ ಒಗೆದು, ಒಣ ಟವೆಲ್ಲಿನಲ್ಲಿ ಸುತ್ತಿ ಗಟ್ಟಿಯಾಗಿ ಹಿಂಡಿ, ಫ್ಯಾನ್ ಕೆಳಗೆ ಹರವಿ. ಒಳಉಡುಪು ಮಾತ್ರ ಒಂದೆರಡು ಹೆಚ್ಚಿಗೇ ಇರಲಿ. ಬೆವರಿಗೆ ತೊಡೆ ಉಜ್ಜಿ ಕೆಂಪಾದ್ರೆ ನಡೆಯೋದೇ ಕಷ್ಟ. ಅರೆ ಒಣಗಿದ್ದನ್ನು ದಯವಿಟ್ಟು ಬ್ಯಾಗಿಗೆ ತುರುಕಬೇಡಿ, ಬೂಷ್ಟು ಹಿಡಿಯುತ್ತೆ.